ಜಿಂಬಾಬ್ವೆಯ ಪೇಟೆಗೆ ಬಂದ ಪರದೇಶದ ಡಾಲರ್

ಕೇಳುಗರಿಗೆ ನಮಸ್ಕಾರ.

ಒಂದು ದೇಶ ತನ್ನ ಹಣವನ್ನೇ ಕೈಬಿಟ್ಟು ಇನ್ನೊಂದು ದೇಶದ ಹಣದಲ್ಲಿ ಕೊಡು-ಕೊಳ್ಳುವುದು ಶುರು ಮಾಡಿದರೆ ಅಲ್ಲಿನ ಜನರ ಬದುಕು ಏನಾಗುತ್ತದೆ? ಆಫ್ರಿಕಾದ ಜಿಂಬಾಬ್ವೆ ಇದನ್ನು ಅನುಭವಿಸಿ ನೋಡಿದ ದೇಶ.

2000ದ ನಂತರ ಅಲ್ಲಿ ದೊಡ್ಡ ಜಮೀನುಗಳು ಕೈಬದಲಾದವು, ಬೆಳೆ ಕುಸಿಯಿತು, ಖರ್ಚಿಗೆ ಸಾಲದೆ ಸರ್ಕಾರ ನೋಟು ಅಚ್ಚು ಹಾಕುತ್ತಲೇ ಹೋಯಿತು. 2008ರ ಕೊನೆಯ ಹೊತ್ತಿಗೆ ಬೆಲೆಗಳು ಹೆಚ್ಚುಕಡಿಮೆ ದಿನಕ್ಕೊಮ್ಮೆ ದುಪ್ಪಟ್ಟಾಗುತ್ತಿದ್ದವು. ಅಲ್ಲಿನ ಸ್ವಂತ ಹಣದ ಹೆಸರೂ ಡಾಲರ್, ಜಿಂಬಾಬ್ವೆ ಡಾಲರ್. 2009ರ ಜನವರಿಯಲ್ಲಿ ಅದರ ನೂರು ಟ್ರಿಲಿಯನ್ ಡಾಲರಿನ ನೋಟು ಬಂತು. ನಮ್ಮ ಲೆಕ್ಕದಲ್ಲಿ ಒಂದು ಕೋಟಿ ಕೋಟಿ! ಮೇಷ್ಟ್ರುಗಳ ಸಂಬಳ ಬಸ್ ಚಾರ್ಜಿಗೂ ಸಾಲದೆ ಎಷ್ಟೋ ಜನ ದಕ್ಷಿಣ ಆಫ್ರಿಕಾಕ್ಕೆ ಹೊರಟುಹೋದರು. ಶಾಲೆಗಳು ಮುಚ್ಚಿದವು.

ಅದೇ ಜನವರಿಯ ಕೊನೆಗೆ ಅಮೆರಿಕದ ಡಾಲರ್, ದಕ್ಷಿಣ ಆಫ್ರಿಕಾದ ರ‍್ಯಾಂಡ್ ಎಲ್ಲದರಲ್ಲೂ ವ್ಯಾಪಾರ ಮಾಡಬಹುದು ಎಂದು ಸರ್ಕಾರ ಒಪ್ಪಿತು. ಬೆಲೆ ಏರಿಕೆ ನಿಂತೇಹೋಯಿತು. ಖಾಲಿ ಅಂಗಡಿಗಳಲ್ಲಿ ಮತ್ತೆ ಎಣ್ಣೆ, ಸಕ್ಕರೆ, ಬ್ರೆಡ್ ಕಾಣಿಸಿದವು. ಸರ್ಕಾರಿ ನೌಕರರಿಗೆ ತಿಂಗಳಿಗೆ 100 ಡಾಲರ್ ಕೊಟ್ಟರು. ಮೇಷ್ಟ್ರಿಗೂ ಅಷ್ಟೇ, ಮೇಲಧಿಕಾರಿಗೂ ಅಷ್ಟೇ. ಕಡಿಮೆ ಹಣವೇ. ಆದರೆ ಇವತ್ತು ಸಿಕ್ಕಿದ್ದು ನಾಳೆಯೂ ಅಷ್ಟೇ ಬಾಳುತ್ತದೆ ಎಂಬ ಧೈರ್ಯ ಬಂತು. ಆ ಧೈರ್ಯದ ಬೆಲೆ ದೊಡ್ಡದು.

ಆದರೆ ಅಮೆರಿಕದ ಡಾಲರನ್ನು ಜಿಂಬಾಬ್ವೆಯ ರಾಜಧಾನಿ ಹರಾರೆಯಲ್ಲಿ ಅಚ್ಚು ಹಾಕೋಕಾಗಲ್ಲ, ಅಲ್ವಾ? ಪ್ಲಾಟಿನಂ, ಚಿನ್ನ, ಹೊಗೆಸೊಪ್ಪು ಮಾರಿ ಗಳಿಸಬೇಕು, ಇಲ್ಲವೇ ಹೊರದೇಶದಲ್ಲಿರುವ ಮಗನೋ ಮಗಳೋ ಕಳಿಸಬೇಕು. ಇವೆರಡೂ ಇಲ್ಲದ ಹಳ್ಳಿಯವರ ಕೈಗೆ ಡಾಲರ್ ಬರುವ ದಾರಿಯೇ ಇರಲಿಲ್ಲ. ಹಳ್ಳಿಗಾಡಿನ ಒಂದು ಆಸ್ಪತ್ರೆಯಲ್ಲಿ ರೋಗಿಗಳು ಕಡಲೆಕಾಯಿ, ಕೋಳಿ ಕೊಟ್ಟು ಚಿಕಿತ್ಸೆ ಪಡೆದರು.

ಪೇಟೆಯಲ್ಲಿದ್ದವರಿಗೆ ಚಿಲ್ಲರೆಯ ಗೋಳು. ನೋಟು ಬಂತು, ನಾಣ್ಯ ಬರಲಿಲ್ಲ. ಭಾರದ ನಾಣ್ಯಗಳನ್ನು ಅಷ್ಟು ದೂರದಿಂದ ತರಿಸುವುದು ದುಬಾರಿ. ಹಾಗಾಗಿ ಅಂಗಡಿಯವರು ಚಿಲ್ಲರೆ ಬದಲು ಮಿಠಾಯಿ, ಪೆನ್ನು, ಬೆಂಕಿಪೊಟ್ಟಣ ಕೊಟ್ಟರು. ಕೊಂಬಿ ಅಂತ ಕರೆಯುವ ಮಿನಿಬಸ್ಸಿನಲ್ಲಿ ಅರ್ಧ ಡಾಲರ್ ಚಾರ್ಜು. ಕಂಡಕ್ಟರು ಗುರುತು ಪರಿಚಯವಿಲ್ಲದ ಇಬ್ಬರನ್ನು ಜೋಡಿ ಮಾಡಿ ಇಬ್ಬರಿಗೂ ಸೇರಿ ಒಂದೇ ಡಾಲರ್ ನೋಟು ವಾಪಸ್ ಕೊಡುತ್ತಿದ್ದ. ಇಳಿದ ಮೇಲೆ ಇಬ್ಬರೂ ಅದನ್ನು ಹಿಡಿದು ಚಿಲ್ಲರೆ ಹುಡುಕಿಕೊಂಡು ಹೋಗಬೇಕು. ಕೈಯಿಂದ ಕೈಗೆ ಓಡಾಡಿ ಮಾಸಿದ ಒಂದು ಡಾಲರ್ ನೋಟುಗಳನ್ನು ಜನ ಸೋಪು ಹಾಕಿ ಒಗೆದು, ಹಗ್ಗದ ಮೇಲೆ ಒಣಗಿಸಿದ್ದೂ ಉಂಟು. ದಿನಕ್ಕೆ ಒಂದೆರಡು ಡಾಲರ್ ದುಡಿಯುವವರಿಗೆ ಆ ಕಾಲು ಡಾಲರ್, ಅರ್ಧ ಡಾಲರ್ ಎಂದರೆ ಒಂದು ಹೊತ್ತಿನ ಊಟ. 2014ರ ಡಿಸೆಂಬರಿನಲ್ಲಿ ಸರ್ಕಾರ ಬಾಂಡ್ ನಾಣ್ಯ, ಅಂದರೆ ಅಮೆರಿಕದ ಚಿಲ್ಲರೆಗೆ ಸಮ ಎಂದು ಹೇಳಿದ ಸ್ವಂತ ನಾಣ್ಯ, ತಂದಾಗಲೇ ಈ ಕಷ್ಟ ಸ್ವಲ್ಪ ಇಳಿದದ್ದು.

ಸರ್ಕಾರದ ಸ್ಥಿತಿಯೂ ಅಷ್ಟೇ. 2013ರ ಜನವರಿಯಲ್ಲಿ ಸಂಬಳ ಕೊಟ್ಟಾದ ಮೇಲೆ ಖಾತೆಯಲ್ಲಿ ಉಳಿದದ್ದು 217 ಡಾಲರ್ ಎಂದು ಹಣಕಾಸು ಮಂತ್ರಿ ತೆಂಡೈ ಬಿಟಿ ಹೇಳಿದರು.

ನನ್ನ ಮನಸ್ಸಿಗೆ ತುಂಬಾ ಚುಚ್ಚುವುದು ಹಳೆಯ ಉಳಿತಾಯದ ವಿಷಯ. ಡಾಲರ್ ಬಂದದ್ದು ಅವತ್ತಿನಿಂದ ಮುಂದಿನ ದುಡಿಮೆಯನ್ನು ಕಾಪಾಡಿತು, ಹಿಂದಿನದನ್ನಲ್ಲ. 2015ರಲ್ಲಿ ಹಳೆಯ ಹಣವನ್ನು ಪೂರ್ತಿ ರದ್ದು ಮಾಡಿದಾಗ, ಖಾತೆಯಲ್ಲಿ 175 ಕ್ವಾಡ್ರಿಲಿಯನ್ ಅಂದರೆ 175ರ ಮುಂದೆ 15 ಸೊನ್ನೆಗಳವರೆಗೆ ಎಷ್ಟಿದ್ದರೂ ಸಿಕ್ಕಿದ್ದು ಬರೀ 5 ಅಮೆರಿಕನ್ ಡಾಲರ್. ಮೂವತ್ತು ವರ್ಷ ದುಡಿದು ಪಿಂಚಣಿಗೆ ಅಂತ ಕಟ್ಟಿದವರ ಗತಿ ಯೋಚಿಸಿ. ಡಾಲರ್ ತಂದದ್ದು ತಪ್ಪು ಅಂತ ನಾನು ಹೇಳುವುದಿಲ್ಲ, ಆಗ ಬೇರೆ ದಾರಿ ಇರಲಿಲ್ಲ. ಆದರೆ ಈ ಹಿರಿಯರಿಗೆ ಅನ್ಯಾಯ ಆಗಿದೆ.

ಆಮೇಲೆ 2016ರಲ್ಲಿ ಬ್ಯಾಂಕುಗಳಲ್ಲೇ ಡಾಲರ್ ಬರಿದಾಗಿ ಉದ್ದುದ್ದ ಸಾಲು. ಆಗ ಬಾಂಡ್ ನಾಣ್ಯದ ಹಾಗೆಯೇ ಬಾಂಡ್ ನೋಟು ಬಂತು. 2019ರಲ್ಲಿ ಮತ್ತೆ ಸ್ವಂತ ಡಾಲರ್ ತಂದು ಪರದೇಶದ ಹಣವನ್ನು ನಿಷೇಧಿಸಿದರು, ಮರುವರ್ಷವೇ ಬಿಗಿ ಸಡಿಲಿಸಬೇಕಾಯಿತು. 2024ರ ಏಪ್ರಿಲಿನಲ್ಲಿ ಚಿನ್ನದ ಆಧಾರವಿರುವ ಜಿಗ್ ಎಂಬ ಹೊಸ ಹಣ ಬಂತು. ಆದರೂ ಅಲ್ಲಿನ ಜನ ಅಮೆರಿಕದ ಡಾಲರನ್ನು ಬಿಟ್ಟಿಲ್ಲ. ಒಮ್ಮೆ ಉಳಿತಾಯ ಕಳೆದುಕೊಂಡವರು ಮತ್ತೆ ನಂಬುವುದಕ್ಕೆ ಹೊತ್ತು ಬೇಕು.

ನಮಸ್ಕಾರ.