ಉಕ್ಕು: ಕರಗಿದ್ದರ ಹೆಸರು

ಕೇಳುಗರಿಗೆ ನಮಸ್ಕಾರ.

ಒಲೆಯ ಮೇಲೆ ಹಾಲು ಉಕ್ಕುತ್ತದೆ, ಮಳೆಗಾಲದಲ್ಲಿ ಹೊಳೆ ಉಕ್ಕುತ್ತದೆ. ಹಾಗಾದರೆ ಕಮ್ಮಾರನ ಉಕ್ಕಿಗೂ ಈ ಉಕ್ಕುವಿಕೆಗೂ ನಂಟಿದೆಯೇ? ಲೋಹ ಕರಗಿಸುವ ಪಾತ್ರೆಯಾದ ಮೂಸೆಯಲ್ಲಿ ಅದು ಕುದಿದು ಉಕ್ಕಿದ್ದರಿಂದ ಈ ಹೆಸರು ಬಂತೆಂಬ ವಿವರಣೆ ಕಿವಿಗೆ ಹಿತವಾಗಿದ್ದರೂ ನಾನು ಅದನ್ನು ಒಪ್ಪಲಾರೆ.

ಈ ಲೋಹದ ಹೆಸರಿನ ಹಳೆಯ ರೂಪ ‘ಉರ್ಕು’. ‘ಕರ್ಚು’ ಎಂಬುದು ‘ಕಚ್ಚು’ ಆದಂತೆ ಇದರ ರೇಫವೂ ಅಡಗಿ ‘ಉಕ್ಕು’ ಉಳಿಯಿತು. ಕರಿಯ ಪೊನ್ನು ‘ಕರ್ಬೊನ್’ ಆಗಿ, ‘ಕಬ್ಬುನ’ವಾಗಿ, ಕೊನೆಗೆ ‘ಕಬ್ಬಿಣ’ವಾದದ್ದೂ ಇದೇ ದಾರಿಯಲ್ಲಿ. ಉಬ್ಬುವ ಅರ್ಥದ ಕ್ರಿಯಾಪದವೂ ಹಳಗನ್ನಡದಲ್ಲಿ ‘ಉರ್ಕು’ ಎಂದೇ ಇದ್ದುದರಿಂದ ಎರಡನ್ನೂ ಒಂದೆಂದು ಭಾವಿಸುವುದು ಸುಲಭವಾಯಿತು. ಆದರೆ ತಮಿಳಿನಲ್ಲಿ ‘ಉರುಕು’ ಎಂದರೆ ಕರಗು. ‘ಉರುಕ್ಕು’ ಎಂದರೆ ಕರಗಿಸು, ಕರಗಿಸಿದ ಲೋಹ, ಉಕ್ಕು. ನಮ್ಮ ಉಕ್ಕಿನ ಒಡಹುಟ್ಟು ಅಲ್ಲಿದೆ.

ಈ ಮಾತಿಗೆ ನಿಘಂಟಿಗಿಂತ ಕುಲುಮೆಯೇ ದೊಡ್ಡ ಸಾಕ್ಷಿ. ಹಿಂದಿನ ನಮ್ಮ ಕುಲುಮೆಗಳಲ್ಲಿ ಅದಿರಿನಿಂದ ಬಂದ ಕಬ್ಬಿಣ ಎಂದೂ ನೀರಾಗುತ್ತಿರಲಿಲ್ಲ. ಮೆತ್ತಗಾದ ಮುದ್ದೆಯನ್ನು ಬಡಿದು ಕಿಟ್ಟ ತೆಗೆಯುತ್ತಿದ್ದರು. ಉಕ್ಕು ಮಾಡುವಾಗ ಮಾತ್ರ ಆ ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿ, ಹಸಿ ಎಲೆಗಳ ಜೊತೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿಗೆ ಜೇಡಿ ಮೆತ್ತಿ, ತಿದಿಯೊತ್ತಿ ಗಂಟೆಗಟ್ಟಲೆ ಕಾಯಿಸುತ್ತಿದ್ದರು. ಸೌದೆಯ ಇಂಗಾಲವನ್ನು ಹೀರಿಕೊಂಡ ಕಬ್ಬಿಣ ಕಡಿಮೆ ಶಾಖಕ್ಕೇ ಕರಗುತ್ತಿತ್ತು. ತಣಿದ ಮೂಸೆಯನ್ನು ಒಡೆದಾಗ ಸಿಗುವ ಪುಟ್ಟ ಗಟ್ಟಿಯ ಮೇಲ್ಮೈಯಲ್ಲಿ ನಡುವಿನಿಂದ ಅಂಚಿಗೆ ಹರಡಿದ ಸಣ್ಣ ಗೆರೆಗಳಿದ್ದರೆ ಲೋಹ ಪೂರ್ತಿ ಕರಗಿದೆ ಎಂದು ಅರ್ಥ. ಹೀಗೆ ಕರಗಿದ್ದೇ ಉಕ್ಕು, ಕರಗದ್ದು ಕಬ್ಬಿಣ; ಹೆಸರಿಟ್ಟವರು ಕಣ್ಣಾರೆ ಕಂಡ ವ್ಯತ್ಯಾಸವನ್ನೇ ಹೇಳಿದ್ದಾರೆ. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಇಂಥ ಮೂಸೆಗಳ ಚೂರುಗಳು ದೊರೆತಿವೆ.

ಈ ಪದ ಕಡಲನ್ನೂ ದಾಟಿತು. ಮುಂಬಯಿಯಿಂದ ಕಳುಹಿಸಿದ ಉಕ್ಕನ್ನು ಪರೀಕ್ಷಿಸಿದ ಇಂಗ್ಲಿಷ್ ವೈದ್ಯ ಜಾರ್ಜ್ ಪಿಯರ್ಸನ್, 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅದನ್ನು ‘ವೂಟ್ಜ್’ ಎಂದು ಕರೆದರು. ಉಕಾರದಿಂದ ಶುರುವಾಗುವ ಮಾತುಗಳನ್ನು ನಾವು ಆಡುವಾಗ ವಕಾರ ಸೇರಿಸಿ ‘ವುಕ್ಕು’ ಎನ್ನುತ್ತೇವಲ್ಲವೇ? ಅದನ್ನು ಕೇಳಿದವರು ‘ವೂಕ್’ ಎಂದು ಬರೆದಿರಬೇಕು, ನಕಲು ಮಾಡುವಾಗ ಕೊನೆಯ ಅಕ್ಷರ ಕೆಟ್ಟಿರಬೇಕು ಎಂಬುದು ನಿಘಂಟುಕಾರರ ಊಹೆ. ಮೈಕೆಲ್ ಫ್ಯಾರಡೆ 1819ರಲ್ಲಿ ಇದೇ ಉಕ್ಕನ್ನು ವಿಶ್ಲೇಷಿಸಿ ಬರೆದಾಗಲೂ ಹೆಸರು ‘ವೂಟ್ಜ್’ ಎಂದೇ ಇತ್ತು. ಕೊನೆಯ ಕಕಾರ ಕಳೆದುಹೋಗಿದ್ದರೂ ಕನ್ನಡ ನಾಲಿಗೆಯ ಆ ‘ವು’ ಅದರಲ್ಲಿ ಉಳಿದಿತ್ತು.