18 ಸ್ಕಾರ್ಪಿ: ಮಸುಕು ಚುಕ್ಕೆಯೊಂದರ ಗಾತ್ರ, ತಾಪ, ತೂಕ

(ಪರದೆಯ ಮೇಲೆ: ವೃಶ್ಚಿಕ ರಾಶಿಯ ನಕ್ಷೆ)

ನಮಸ್ಕಾರ. ಮೇ ತಿಂಗಳ ಕೊನೆಯ ವಾರ, ನಡುರಾತ್ರಿಯ ಹೊತ್ತಿಗೆ, ಚಳ್ಳಕೆರೆ ಕಡೆಯ ದೀಪವಿಲ್ಲದ ಬಯಲಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಕೆಂಪು ಬಣ್ಣದ ಜ್ಯೇಷ್ಠಾ ನಕ್ಷತ್ರ ಮೊದಲು ಕಣ್ಣಿಗೆ ಬೀಳುತ್ತದೆ. ಅಲ್ಲಿಂದ ನೆತ್ತಿಯ ಕಡೆಗೆ ಸುಮಾರು 18 ಡಿಗ್ರಿ, ಅಂದರೆ ಚಾಚಿದ ಕೈಯ ಎರಡು ಮುಷ್ಟಿಗೆ ತುಸು ಕಡಿಮೆ ಅಂತರದಲ್ಲಿ, ಬರಿಗಣ್ಣಿಗೆ ಕಂಡೂ ಕಾಣದಂತಿರುವ ಚುಕ್ಕೆಯೇ 18 ಸ್ಕಾರ್ಪಿ. ಇದರ ಉಜ್ಜ್ವಲಾಂಕ (ಹೊಳಪಿನ ಅಳತೆ; ಅಂಕ ಹೆಚ್ಚಿದಷ್ಟೂ ಚುಕ್ಕೆ ಮಸುಕು) 5.5, ದಾವಣಗೆರೆ ನಗರದ ಬೀದಿದೀಪಗಳ ನಡುವೆ ಇದನ್ನು ಹುಡುಕಿ ಫಲವಿಲ್ಲ.

ಇಷ್ಟು ಮಸುಕಾದ ನಕ್ಷತ್ರಕ್ಕೆ ಒಂದು ವಿಡಿಯೋ ಮೀಸಲಿಡಲು ಕಾರಣವಿದೆ. ಸೂರ್ಯನನ್ನು ಹೊರಗಿನಿಂದ ನೋಡುವ ಅವಕಾಶ ನಮಗಿಲ್ಲ; ಅದಕ್ಕೆ ಅತಿ ಹತ್ತಿರದ ಅವಕಾಶವನ್ನು ಈ ನಕ್ಷತ್ರ ಕೊಡುತ್ತದೆ. ಸೂರ್ಯನಂತೆಯೇ ಇದೂ ಒಡಲಲ್ಲಿ ಹೈಡ್ರೋಜನನ್ನು ಹೀಲಿಯಮ್ ಆಗಿ ಬೆಸೆಯುತ್ತಿರುವ ಮುಖ್ಯ ಶ್ರೇಣಿಯ ತಾರೆ. 1997ರಲ್ಲಿ ಖಗೋಳ ವಿಜ್ಞಾನಿಗಳು ಇದನ್ನು ಸೂರ್ಯನ ಅವಳಿಯೆಂದು, ಅಂದರೆ ಗಾತ್ರ, ತಾಪ, ತೂಕಗಳಲ್ಲಿ ಸೂರ್ಯನನ್ನು ಬಹುತೇಕ ಹೋಲುವ ತಾರೆಯೆಂದು ಗುರುತಿಸಿದರು.

ಭೂಮಿ ತನ್ನ ಕಕ್ಷೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋದಾಗ ಹತ್ತಿರದ ನಕ್ಷತ್ರಗಳು ದೂರದ ಹಿನ್ನೆಲೆಯ ಎದುರು ಅತ್ಯಲ್ಪವಾಗಿ ಸರಿದಂತೆ ಕಾಣುತ್ತವೆ. ಹಿಪ್ಪಾರ್ಕಸ್ ಮತ್ತು ಗಾಯಾ ಉಪಗ್ರಹಗಳು ಅಳೆದ ಆ ಸರಿತದಿಂದ ಇದರ ದೂರ ಸುಮಾರು 46 ಜ್ಯೋತಿರ್ವರ್ಷಗಳೆಂದು ತಿಳಿಯುತ್ತದೆ. ನಮ್ಮ ಸೂರ್ಯನನ್ನು ಅಷ್ಟೇ ದೂರ ಒಯ್ದಿಟ್ಟರೆ ಅದರ ಉಜ್ಜ್ವಲಾಂಕವೂ 5.6ರ ಆಸುಪಾಸು ಆಗುತ್ತದೆ. ಹಗಲನ್ನೆಲ್ಲ ಆಳುವ ಸೂರ್ಯನೂ ಅಲ್ಲಿಂದ ಇಂಥದೇ ಚುಕ್ಕೆ.

(ಪರದೆಯ ಮೇಲೆ: ಮೌಂಟ್ ವಿಲ್ಸನ್, ಕ್ಯಾಲಿಫೋರ್ನಿಯಾ)

ಗಾತ್ರವನ್ನು ಅಳೆದದ್ದೇ ಇಲ್ಲಿನ ದೊಡ್ಡ ಸಾಧನೆ. ಆಕಾಶದಲ್ಲಿ ಈ ನಕ್ಷತ್ರದ ಬಿಲ್ಲೆಯ ಅಗಲ, ಒಂದು ಡಿಗ್ರಿಯನ್ನು 3,600 ಪಾಲು ಮಾಡಿ, ಅದರಲ್ಲೊಂದು ಪಾಲನ್ನು ಮತ್ತೆ ಸಾವಿರ ಮಾಡಿದಾಗ ಸಿಗುವ ತುಣುಕಿನ 0.68ರಷ್ಟು ಮಾತ್ರ. ಬೆಂಗಳೂರಿನಲ್ಲಿ ಇಟ್ಟ ಒಂದು ಗಸಗಸೆ ಕಾಳನ್ನು ದಾವಣಗೆರೆಯಿಂದ ಅಳೆದ ಹಾಗೆ ಇದು. ಯಾವ ಒಂಟಿ ದೂರದರ್ಶಕಕ್ಕೂ ಇದು ಎಟುಕದು. ಮೌಂಟ್ ವಿಲ್ಸನ್ನಿನ ಚಾರಾ ವೀಕ್ಷಣಾಲಯವು ದೂರದೂರ ನಿಲ್ಲಿಸಿದ ದೂರದರ್ಶಕಗಳಿಗೆ ಬಂದ ಬೆಳಕಿನ ಅಲೆಗಳನ್ನು ಒಂದೆಡೆ ಕೂಡಿಸುತ್ತದೆ. ಅಲ್ಲಿ ಮೂಡುವ ಬೆಳಕು-ನೆರಳಿನ ಪಟ್ಟೆಗಳ ಸ್ಪಷ್ಟತೆಯಿಂದ ಈ ಕೋನವನ್ನು ಲೆಕ್ಕ ಹಾಕಲಾಗುತ್ತದೆ. 2011ರಲ್ಲಿ ಪ್ರಕಟವಾದ ಆ ಅಳತೆಯ ಪ್ರಕಾರ ಇದರ ತ್ರಿಜ್ಯ ಸೂರ್ಯನದರ 1.01 ಪಟ್ಟು, ತಪ್ಪಿನ ಅವಕಾಶ ಶೇಕಡಾ ಒಂದಕ್ಕಿಂತ ಕಡಿಮೆ.

ತೂಕದ ಲೆಕ್ಕ ಇನ್ನೂ ಸೊಗಸು. ಎರಡು ನಕ್ಷತ್ರಗಳು ಪರಸ್ಪರ ಸುತ್ತುತ್ತಿದ್ದರೆ ಅವುಗಳ ಚಲನೆಯಿಂದಲೇ ದ್ರವ್ಯರಾಶಿ ತಿಳಿಯುತ್ತದೆ, ಆದರೆ ಇದು ಒಂಟಿ. ಆದ್ದರಿಂದ ಅದರ ಕಂಪನವನ್ನು ಆಲಿಸಬೇಕಾಯಿತು. ಒಳಗಿನ ಅನಿಲ ಕುದಿಯುವುದರಿಂದ ಮೇಲ್ಮೈ ಕೆಲವು ನಿಮಿಷಗಳಿಗೊಮ್ಮೆ ಅತಿ ಸೂಕ್ಷ್ಮವಾಗಿ ಏರಿಳಿಯುತ್ತದೆ. ಆ ಲಯ ಸರಾಸರಿ ಸಾಂದ್ರತೆಯನ್ನು ತಿಳಿಸುತ್ತದೆ, ಸಾಂದ್ರತೆಗೆ ತ್ರಿಜ್ಯ ಸೇರಿದರೆ ದ್ರವ್ಯರಾಶಿ ದೊರೆಯುತ್ತದೆ. ಉತ್ತರ: ಸೂರ್ಯನ 1.02 ಪಟ್ಟು.

ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಸಿಗುವ ರೋಹಿತದ ಕಪ್ಪು ಗೆರೆಗಳು ಮೇಲ್ಮೈ ತಾಪವನ್ನು ಸುಮಾರು 5,800 ಕೆಲ್ವಿನ್ ಎನ್ನುತ್ತವೆ, ಸೂರ್ಯನದು 5,772. ಒಟ್ಟು ಬೆಳಕು ಸೂರ್ಯನಿಗಿಂತ ಶೇಕಡಾ 5ರ ಆಸುಪಾಸು ಹೆಚ್ಚು.

ಆದರೂ ಅವಳಿಗಳು ತದ್ರೂಪಿಗಳಲ್ಲ. ಸೂರ್ಯನ ಮೇಲ್ಮೈಯ ಕಪ್ಪು ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ ತಗ್ಗಿದರೆ, 18 ಸ್ಕಾರ್ಪಿಯ ಇಂಥ ಚಟುವಟಿಕೆಯ ಚಕ್ರ ಸುಮಾರು 7 ವರ್ಷ. ಲಿಥಿಯಮ್ ಕೂಡ ಇದರಲ್ಲಿ ಸೂರ್ಯನಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿದೆ. ಲಿಥಿಯಮ್ ನಕ್ಷತ್ರದ ಬಿಸಿ ಒಳಪದರಗಳಿಗೆ ಇಳಿದಂತೆಲ್ಲ ನಾಶವಾಗುತ್ತ, ವಯಸ್ಸಾದಂತೆ ಕಡಿಮೆಯಾಗುತ್ತದೆ; ಇದು ಸೂರ್ಯನಿಗಿಂತ ಎಳೆಯ ನಕ್ಷತ್ರವೆಂಬ ವಾದಕ್ಕೆ ಮುಖ್ಯ ಆಧಾರಗಳಲ್ಲಿ ಇದೂ ಒಂದು.