ಸರ್ವರ್ ಓಡ್ತದೆ, ಸರ್ವೆ ಕುಂಟ್ತದೆ

ನಮಸ್ಕಾರ. ಜಮೀನು ವ್ಯವಹಾರ ಈಗ ಫೋನಲ್ಲೇ ಮುಗಿತದೆ ಅಂತ ಯಾರಾದರೂ ಹೇಳಿದರೆ, ಅವರು ಬಯಲುಸೀಮೆಯಲ್ಲಿ ಸೈಟು ಕೊಂಡವರಿರಬೇಕು. ಹೊಸನಗರದ ಕಡೆ 20 ಗುಂಟೆ ಅಡಿಕೆ ತೋಟ ಕೊಳ್ಳೋಕೆ ಹೊರಟವರು ಹಾಗೆ ಹೇಳೋದು ಕಷ್ಟ.

ಮೊದಲೇ ಹೇಳಿಬಿಡ್ತೇನೆ, ಸರ್ಕಾರದ ಆನ್‌ಲೈನ್ ನೋಂದಣಿ ತಾಣ ಕಾವೇರಿ-2 ಒಳ್ಳೆಯ ಕೆಲಸವೇ. ಕ್ರಯಪತ್ರದ ಕರಡನ್ನ ಮನೆಯಿಂದಲೇ ಹಾಕಬಹುದು. ಸಬ್ ರಿಜಿಸ್ಟ್ರಾರ್ ಅದನ್ನ ನೋಡಿ ಒಪ್ಪಿದ ಮೇಲೆ ಶುಲ್ಕ ಕಟ್ಟೋದು, ಸ್ಲಾಟ್ ಹಿಡಿಯೋದು, ಫೋಟೋ ಮತ್ತು ಹೆಬ್ಬೆರಳಿಗೆ ಮಾತ್ರ ಕಚೇರಿಗೆ ಹೋಗೋದು. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯೊಳಗೆ ಯಾವ ಕಚೇರಿಯಾದರೂ ಆಗ್ತದೆ. ಸೊರಬದ ಜಮೀನನ್ನ ಶಿವಮೊಗ್ಗದಲ್ಲಿ ನೋಂದಾಯಿಸಬಹುದು. ಬೆಳಗ್ಗೆಯಿಂದ ಕಚೇರಿ ಜಗಲಿಯಲ್ಲಿ ಕಾಯುವ ಕಾಲಕ್ಕೆ ವಾಪಸ್ ಹೋಗಬೇಕು ಅಂತ ಯಾರೂ ಹೇಳೋದಿಲ್ಲ.

ನನ್ನ ತಕರಾರು ಬೇರೆ. ಕಾಯುವ ಸಾಲು ಇಲ್ಲವಾಗಲಿಲ್ಲ, ಸಬ್ ರಿಜಿಸ್ಟ್ರಾರ್ ಬಾಗಿಲಿಂದ ಸರ್ವೆಯವರ ಬಾಗಿಲಿಗೆ ಹೋಗಿದೆ. ಕಂಪ್ಯೂಟರು ಪತ್ರವನ್ನ ವೇಗವಾಗಿ ನೋಂದಾಯಿಸ್ತದೆ. ಆದರೆ 1908ರ ನೋಂದಣಿ ಕಾಯ್ದೆಯಲ್ಲಿ ನೋಂದಣಿಯಾಗೋದು ಪತ್ರ, ಹಕ್ಕಲ್ಲ. ಮಾರಿದವನಿಗೆ ಮಾರುವ ಹಕ್ಕಿತ್ತಾ ಅನ್ನೋದಕ್ಕೆ ಸರ್ಕಾರ ಹೊಣೆಯಲ್ಲ. ಆನ್‌ಲೈನ್ ಆದ ಮಾತ್ರಕ್ಕೆ ಅದು ಬದಲಾಗಿಲ್ಲ.

ಒಂದು ಸರ್ವೆ ನಂಬರಿನಲ್ಲಿ ಸ್ವಲ್ಪ ಭಾಗ ಕೊಳ್ಳೋದಾದರೆ ಆ ಭಾಗವನ್ನ ಅಳೆದು ತೋರಿಸುವ 11ಇ ನಕ್ಷೆ ಬೇಕೇ ಬೇಕು. ಅರ್ಜಿ ಸರ್ವೆ ಇಲಾಖೆಯ ತಂತ್ರಾಂಶ ಮೋಜಿಣಿಯಲ್ಲಿ ಹೋಗ್ತದೆ, ಸರ್ವೆಯರ್ ಬಂದು ಅಳೀತಾರೆ, ಆಮೇಲೆ ಅದಕ್ಕೆ ಅನುಮೋದನೆ. ಇಲ್ಲೇ ಮಲೆನಾಡಿನ ಗಂಟು. ನಮ್ಮಲ್ಲಿ ಎಷ್ಟೋ ಪಹಣಿಗಳಲ್ಲಿ ನಾಲ್ಕೈದು ಹೆಸರು, ಪೋಡಿ ಆಗಿಲ್ಲ, ಅಂದರೆ ಪಾಲುಗಳನ್ನ ಅಳೆದು ಬೇರೆ ಬೇರೆ ನಂಬರು ಮಾಡಿಲ್ಲ. ಅಣ್ಣತಮ್ಮಂದಿರು ಬಿಳಿ ಹಾಳೆಯಲ್ಲಿ ಪಾಲುಪಟ್ಟಿ ಬರೆದುಕೊಂಡು ಅಗಳ ತೋಡಿ ಕೂತಿದ್ದಾರೆ. ನೆಲದ ಮೇಲೆ ಆ ಅಗಳವೇ ಗಡಿ, ದಾಖಲೆಯಲ್ಲಿ ಅದಕ್ಕೆ ಗಡಿಯೇ ಇಲ್ಲ. ಇನ್ನೂ ಕೆಟ್ಟದ್ದು ಸರ್ವೆ ಇಲಾಖೆಯ ಅಳತೆ ದಾಖಲೆಯಾದ ಆಕಾರಬಂದ್‌ನ ವಿಸ್ತೀರ್ಣಕ್ಕೂ ಪಹಣಿಯ ವಿಸ್ತೀರ್ಣಕ್ಕೂ ತಾಳೆಯಾಗದಿರೋದು. ಆಕಾರಬಂದ್ 3 ಎಕರೆ 10 ಗುಂಟೆ ಅನ್ನುವಾಗ ಪಹಣಿ ಹೆಸರುಗಳನ್ನೆಲ್ಲ ಕೂಡಿದರೆ 3 ಎಕರೆ 18 ಗುಂಟೆ ಬಂದರೆ, ಆ 8 ಗುಂಟೆ ಯಾರದ್ದು ಅಂತ ತೀರ್ಮಾನ ಆಗೋವರೆಗೆ ನಕ್ಷೆ ಮುಂದೆ ಹೋಗೋದಿಲ್ಲ. 40 ಗುಂಟೆಗೆ ಒಂದು ಎಕರೆ, ಲೆಕ್ಕ ಸುಲಭ. ತಿದ್ದುಪಡಿ ಸುಲಭ ಅಲ್ಲ. ಹಾಗಾಗಿ ಮುಂಗಡ ಕೊಡುವ ಮೊದಲೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಪಹಣಿ ನೋಡುವಾಗ ಹೆಚ್ಚಿನವರು 9ನೇ ಕಾಲಂನ ಹೆಸರು ನೋಡಿ ಸುಮ್ಮನಾಗ್ತಾರೆ. 10ರಲ್ಲಿ ಆ ಹೆಸರು ಹೇಗೆ ಬಂತು ಅಂತ ಇರ್ತದೆ. ಕ್ರಯವೋ, ಪೌತಿಯೋ (ಹಿರಿಯರು ತೀರಿಕೊಂಡ ಮೇಲೆ ಬಂದದ್ದೋ), ಸರ್ಕಾರದ ಮಂಜೂರಾತಿಯೋ? ಮಂಜೂರಾತಿ ಅಂತಿದ್ದರೆ ಅಲ್ಲೇ ನಿಲ್ಲಿ. ಬಗರ್ ಹುಕುಂ ಜಮೀನಾದರೆ, ಅಂದರೆ ಸಾಗುವಳಿ ಮಾಡ್ತಿದ್ದ ಸರ್ಕಾರಿ ಜಮೀನು ಸಕ್ರಮ ಆದದ್ದಾದರೆ, ಪರಭಾರೆ (ಮಾರಾಟ) ನಿಷೇಧದ ಅವಧಿ ಇರ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದದ್ದಾದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಇದೆ. ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ದುಡ್ಡೂ ಇಲ್ಲ, ಜಮೀನೂ ಇಲ್ಲ. 11ನೇ ಕಾಲಂನಲ್ಲಿ ಋಣ. ಸೊಸೈಟಿಯ ಬೆಳೆಸಾಲ ತೀರಿಸಿ ಎಷ್ಟು ವರ್ಷವಾದರೂ, ಋಣ ತೆಗೆಸದಿದ್ದರೆ ಅದು ಅಲ್ಲೇ ಕೂತಿರ್ತದೆ. ಸಾಲ ತೀರಿದ ರಸೀದಿ ಮಾರುವವರ ಪೆಟ್ಟಿಗೆಯಲ್ಲಿದ್ದರೆ ಸಾಲದು, ಪಹಣಿಯಲ್ಲಿ ಋಣ ಅಳಿಸಿರಬೇಕು, ಇಸಿಯಲ್ಲಿ (ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರ, ಋಣಗಳ ಪಟ್ಟಿ) ತೀರಿದ ನಮೂದು ಬಂದಿರಬೇಕು.

ಇಸಿ ಮಾತು ಬಂತಲ್ಲ. ಆನ್‌ಲೈನಲ್ಲಿ ಸಿಗೋದು 2004ರ ಏಪ್ರಿಲ್ 1ರ ನಂತರದ್ದು. ಅದಕ್ಕೂ ಹಿಂದಿನದ್ದಕ್ಕೆ ಕಚೇರಿಯ ಹಳೇ ಪುಸ್ತಕವೇ ಗತಿ. ಇನ್ನು ನೋಂದಣಿಯಾಗದ ಪಾಲುಪಟ್ಟಿ, ಉಯಿಲು, ಕರಾರು ಇವು ಯಾವುದೂ ಇಸಿಯಲ್ಲಿ ಬರೋದಿಲ್ಲ. ಇಸಿ ಖಾಲಿ ಇದೆ ಅಂದರೆ ತಕರಾರಿಲ್ಲ ಅಂತಲ್ಲ.

ಸೊಪ್ಪಿನ ಬೆಟ್ಟದ್ದು ಇನ್ನೊಂದು ಕಥೆ. "ತೋಟ, ಮನೆ, ಬೆಟ್ಟ ಸೇರಿ ಇಷ್ಟು" ಅಂತ ಮಾತಾಗ್ತದೆ. ಬೆಟ್ಟ ಸರ್ಕಾರದ್ದು, ತೋಟದವರಿಗೆ ಇರೋದು ಸೊಪ್ಪು, ದರಗು (ಒಣ ಎಲೆ) ತರುವ ಸವಲತ್ತು. ಅದನ್ನ ಮಾರೋಕೆ ಬರೋದಿಲ್ಲ. ಹೀಗಾಗಿ ಬೆಟ್ಟಕ್ಕೂ ಸೇರಿಸಿ ದರ ಕಟ್ಟಿದವರು ಗಾಳಿಗೆ ದುಡ್ಡು ಕೊಟ್ಟ ಹಾಗೆ.

ಮನೆಯದ್ದು ನೋಡಿ. ಗ್ರಾಮ ಪಂಚಾಯಿತಿ ಆಸ್ತಿಗೆ 2013ರಿಂದ ಆನ್‌ಲೈನ್ ದಾಖಲೆ ವ್ಯವಸ್ಥೆ ಇ-ಸ್ವತ್ತು ಬಂತು, ಅದರಲ್ಲಿ ಕೊಡೋ ಆಸ್ತಿ ದಾಖಲೆಗಳೇ ನಮೂನೆ 9, ನಮೂನೆ 11. ಊರು ಅಂದರೆ ಗ್ರಾಮಠಾಣಾ, ಮನೆಗೆ ಮನೆ ಅಂಟಿಕೊಂಡ ಕೇರಿ ಅಂತ ಭಾವಿಸಿ ಮಾಡಿದ ವ್ಯವಸ್ಥೆ ಇದು. ತೀರ್ಥಹಳ್ಳಿ ಕಡೆ ಮನೆ ಇರೋದು ಅವರವರ ತೋಟದ ತಲೆಯಲ್ಲಿ, ಭೂಪರಿವರ್ತನೆ ಆಗದ ಕೃಷಿ ಜಮೀನಿನಲ್ಲಿ. ಹಾಗಾಗಿ ಹಳೇ ಕಾಲದ ಚೌಕಿಮನೆಗೂ ನಮೂನೆ 9 ಹುಟ್ಟೋದಿಲ್ಲ. ಪಹಣಿ ಮೇಲೆ ಜಮೀನು ಹೋಗ್ತದೆ, ಮನೆಗೆ ಅಂತ ಬ್ಯಾಂಕಿನಲ್ಲಿ ಸಾಲ ಕೇಳಿದರೆ ತಲೆ ಅಲ್ಲಾಡಿಸ್ತಾರೆ. ತಂತ್ರಾಂಶ ಬರೆದವರು ಒಮ್ಮೆ ಆಗುಂಬೆ ಘಾಟಿ ಹತ್ತಿ ಬಂದಿದ್ದರೆ ಇದಕ್ಕೊಂದು ಕಾಲಂ ಇರ್ತಿತ್ತೇನೋ.

ಖರ್ಚು ಬೇಗ ಹೇಳ್ತೇನೆ. 40 ಲಕ್ಷದ ಗ್ರಾಮೀಣ ಜಮೀನಿಗೆ ಮುದ್ರಾಂಕ ಶುಲ್ಕ 5%, ಅಂದರೆ 2 ಲಕ್ಷ. ಅದರ ಮೇಲೆ 10% ಸೆಸ್ 20,000, 3% ಸರ್‌ಚಾರ್ಜ್ 6,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ, ಅದು 80,000. ಒಟ್ಟು 3,06,000. ಸರ್ಕಾರ ಗೊತ್ತು ಮಾಡಿದ ಮಾರ್ಗಸೂಚಿ ದರ ಇದಕ್ಕಿಂತ ಹೆಚ್ಚಿದ್ದರೆ ಲೆಕ್ಕ ಅದರ ಮೇಲೆ.

ಎಲ್ಲ ಒಂದೇ ಜಾಲತಾಣದ ಮೇಲೆ ನಿಂತದ್ದರ ಅಪಾಯ 2025ರ ಜನವರಿಯಲ್ಲಿ ಕಂಡಿತು. ನಕಲಿ ಖಾತೆಗಳಿಂದ ಇಸಿ ಹುಡುಕಾಟದ ಹೊರೆ ಹೇರಿ ಕಾವೇರಿಯನ್ನ ಕಟ್ಟಿಹಾಕಿದರು, ನೋಂದಣಿ ಕುಂಟಿತು. ಆವತ್ತು ಸ್ಲಾಟ್ ಇದ್ದವರಿಗೆ ಬೇರೆ ದಾರಿ ಇರಲಿಲ್ಲ. ಕರಾರಿನಲ್ಲಿ ಕೊನೇ ದಿನ ಬರೆಯುವಾಗ "ಸರ್ವರ್ ತೊಂದರೆಯಾದರೆ ಇಷ್ಟು ದಿನ ಹೆಚ್ಚು" ಅಂತ ಒಂದು ಸಾಲು ಸೇರಿಸಿ. ಹೆಬ್ಬೆರಳು ಕೊಟ್ಟು ಬಂದ ಮೇಲೆ ಅದರ ದುರ್ಬಳಕೆ ಆಗದ ಹಾಗೆ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ.

ಪತ್ರ ಕೈಗೆ ಬಂತು ಅಂತ ಮರೀಬೇಡಿ. ವಿವರ ತಾನಾಗಿ ಪಹಣಿಯ ತಂತ್ರಾಂಶ 'ಭೂಮಿ'ಗೆ ಹೋಗ್ತದೆ, ನಿಜ. ಆದರೆ ಆಧಾರ್‌ನಲ್ಲಿ ಒಂದು ಹೆಸರು, ಪಹಣಿಯಲ್ಲಿ ಇನ್ನೊಂದು ಇದ್ದರೆ, ಇಲ್ಲ ದಾಯಾದಿ ಒಬ್ಬ ತಕರಾರು ಅರ್ಜಿ ಹಾಕಿದರೆ ಮ್ಯುಟೇಶನ್ (ಪಹಣಿಯಲ್ಲಿ ಹೆಸರು ಬದಲಾಗೋದು) ಅಲ್ಲೇ ನಿಲ್ತದೆ. ಪಹಣಿಯಲ್ಲಿ ನಿಮ್ಮ ಹೆಸರು ಕಾಣೋವರೆಗೆ ವಾರಕ್ಕೊಮ್ಮೆ ನೋಡ್ತಾ ಇರಿ.

ಸರ್ಕಾರ ಹೊಸ ಆ್ಯಪ್ ಬಿಡೋ ಮೊದಲು ತಾಲೂಕಿಗೆ ನಾಲ್ಕು ಸರ್ವೆಯರ್ ಹೆಚ್ಚು ಕೊಡಲಿ ಅನ್ನೋದು ನನ್ನ ಬೇಡಿಕೆ. ಅಲ್ಲೀವರೆಗೆ 11ಇ ಅರ್ಜಿಯನ್ನ ದೀಪಾವಳಿ ಮುಗಿಯುತ್ತಲೇ ಹಾಕಿ. ಬೇಸಿಗೆಯಲ್ಲಿ ದರಗು ಸರಿಸಿದರೆ ಗಡಿಯ ಬಾಂದುಕಲ್ಲು ಕಾಣ್ತದೆ. ಜೂನ್ ದಾಟಿತೋ, ಸರ್ವೆಯರ್ ಬಂದರೂ ಅಳೆಯೋದು ಅಷ್ಟರಲ್ಲೇ, ಎಲ್ಲರೂ ಕಾಲಿನ ಇಂಬಳ (ಜಿಗಣೆ) ಕೀಳ್ತಾ ನಿಂತಿರ್ತೀರಿ.